ನಾಲ್ವರು ರಾಜರ ಗೇಟ್ ಪಾಸ್

ಒಂದು ರೈತದಂಗೆಯನ್ನು ಆರು ವಾರ ಕೋಟೆಯ ಬಾಗಿಲಲ್ಲೇ ತಡೆದು ನಿಲ್ಲಿಸಿದ ಕೀರ್ತಿ ನನ್ನದು. ಕತ್ತಿ ಹಿಡಿದಲ್ಲ, ಗೇಟ್ ಪಾಸ್ ಕೊಡದೆ. ನಗಬೇಡಿ. ಕುವೈತಿನ ಮೀನಾ ಅಲ್ ಅಹ್ಮದಿಯ ಎಣ್ಣೆ ರಿಫೈನರಿಯಲ್ಲಿ ಹನ್ನೆರಡು ವರ್ಷ ದುಡಿದವನಿಗೆ ಬೇರೆ ಆಯುಧ ಗೊತ್ತಿರುವುದಾದರೂ ಹೇಗೆ?

ತೊಂಬತ್ತರ ಆಗಸ್ಟಿನಲ್ಲಿ ಇರಾಕಿ ಸೈನ್ಯ ಕುವೈತಿಗೆ ನುಗ್ಗಿದ ಮೇಲೆ ನಮ್ಮ ಕಟ್ಟಡದ ಕನ್ನಡಿಗರಿಗೆಲ್ಲ ಉಳಿದದ್ದು ಒಂದೇ ಕೆಲಸ, ಊರಿಗೆ ಹೋಗುವ ಬಸ್ಸಿಗೆ ಕಾಯುವುದು. ಮಕ್ಕಳು ಹೆದರಬಾರದೆಂದು ಸಂಜೆ ಹೊತ್ತು ಕತೆ ಹೇಳುವುದು ನನ್ನ ಪಾಲಿಗೆ ಬಂತು. ಮನೆಯಲ್ಲಿದ್ದದ್ದು ಮಗಳು ಸುಮಾಗೆ ಶಾಲೆಯಲ್ಲಿ ಬಹುಮಾನ ಬಂದ ಇತಿಹಾಸದ ಪುಸ್ತಕವೊಂದೇ. ಅದರಲ್ಲಿ ಎಸ್ಟೋನಿಯ ಎಂಬ ಚಳಿದೇಶದ ರೈತರು ಸಿಕ್ಕರು. ಆರುನೂರು ಚಿಲ್ಲರೆ ವರ್ಷಗಳ ಹಿಂದೆ, ಪರದೇಶದಿಂದ ಬಂದು ಕೋಟೆ ಕಟ್ಟಿ ಕುಳಿತಿದ್ದ ಧಣಿಗಳ ಮೇಲೆ ದಂಗೆಯೆದ್ದು, ತಮ್ಮಲ್ಲೇ ನಾಲ್ವರನ್ನು ರಾಜರೆಂದು ಆರಿಸಿಕೊಂಡರಂತೆ.

ರಾಜರು ನಾಲ್ವರು ಯಾಕೆ ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ. ಎಲ್ಲರೂ ಸಂಘ ನಡೆಸಿ ಗೊತ್ತಿದ್ದವರು. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ, ನಾಲ್ಕನೆಯವರು ಊಟದ ವ್ಯವಸ್ಥೆಗೆ! ಆ ಹುದ್ದೆಗೆ ಕೆಳಗಿನ ಮಹಡಿಯ ಶೀನಣ್ಣ, ಹೋಟೆಲಿನ ಅಡುಗೆಯವರು, ಅವಿರೋಧವಾಗಿ ಆಯ್ಕೆಯಾದರು. ಉಳಿದ ಮೂರು ಕಿರೀಟಗಳನ್ನೂ ಮಕ್ಕಳು ಕಟ್ಟಡದೊಳಗೇ ಹಂಚಿಬಿಟ್ಟರು.

ಮುಂದಿನ ಪುಟ ತಿರುಗಿಸಿದೆ ನೋಡಿ, ತಟ್ಟನೆ ಪುಸ್ತಕ ಮುಚ್ಚಿಬಿಟ್ಟೆ. ಮಾತುಕತೆಗೆಂದು ನಾಲ್ವರನ್ನೂ ಕೋಟೆಯೊಳಗೆ ಕರೆದು ಧಣಿಗಳು ಕೊಂದುಬಿಟ್ಟರು ಎಂದಿತ್ತು. ದಿನಾ ಬೆಳಿಗ್ಗೆ ಸೈನಿಕರ ಚೆಕ್‌ಪೋಸ್ಟ್ ದಾಟಿ ನಮಗೆಲ್ಲ ಖುಬ್ಬೂಸ್ ರೊಟ್ಟಿ ತರುತ್ತಿದ್ದವರು ಇದೇ ಶೀನಣ್ಣ. ಅವರನ್ನು ಕತೆಯಲ್ಲಿ ಕೊಲ್ಲಲೂ ನನಗೆ ಭಯವಾಯಿತು.

ಆದ್ದರಿಂದ ಕೋಟೆಯ ಬಾಗಿಲಲ್ಲಿ ಕಾವಲುಗಾರರಿಂದ ಗೇಟ್ ಪಾಸ್ ಕೇಳಿಸಿದೆ. ಪಾಸಿಗೆ ಕಫೀಲನ, ಅಂದರೆ ವೀಸಾ ಕೊಡಿಸಿದ ಅರಬ್ ಯಜಮಾನನ ಸಹಿ ಬೇಕು, ಕಫೀಲ ರಜೆಯಲ್ಲಿದ್ದಾನೆ. ಮರುದಿನ ಸಹಿ ಬಂತು, ಫೋಟೊ ಹಳೆಯದಾಯಿತು. ಅದರ ಮರುದಿನ, ಕಿರೀಟ ನಡೆಯುವುದಿಲ್ಲ, ಸೇಫ್ಟಿ ಹೆಲ್ಮೆಟ್ ಹಾಕಿಕೊಂಡು ಬನ್ನಿ ಎಂದರು. ಕೇಳುಗರಿಗೆ ಇದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ. ಎಲ್ಲರೂ ಇಕಾಮಾ ಎಂಬ ವಾಸದ ಪರವಾನಗಿ ಮಾಡಿಸಲು ಅಲೆದವರೇ. ಶೀನಣ್ಣ ಮಾತ್ರ ರೇಗಿದರು.

"ಎಂಥ ಮಾರಾಯ್ರೆ, ದಿನಾ ಖಾಲಿ ಹೊಟ್ಟೆಯಲ್ಲಿ ನಿಲ್ಲಿಸ್ತೀರಿ! ಮೊದಲು ಜನಕ್ಕೆ ಊಟ ಹಾಕಿ, ಯುದ್ಧ ಮತ್ತೆ."

ಅಲ್ಲಿಂದ ಮುಂದೆ ದಂಗೆ ನಿಂತು ಪಂಕ್ತಿ ಶುರುವಾಯಿತು. ನಾವು ಒಂದು ಖುಬ್ಬೂಸನ್ನು ಮೂವರು ಹಂಚಿ ತಿನ್ನುತ್ತ ಎಸ್ಟೋನಿಯದ ರೈತರಿಗೆ ಕೋಳಿಸಾರು ಹೊಯ್ದ ಕೋರಿರೊಟ್ಟಿ ಬಡಿಸಿದೆವು.

ಕೊನೆಗೂ ಬಸ್ಸು ಬಂತು. ಎಲ್ಲರೂ ಹತ್ತಿದ ಮೇಲೆ ತಲೆ ಎಣಿಸಿದೆ. ನಾಲ್ವರು ರಾಜರೂ ಇದ್ದರು. ನಿಟ್ಟುಸಿರು ಬಿಡುವಷ್ಟರಲ್ಲಿ ಶೀನಣ್ಣ ಹಿಂದಿನ ಸೀಟಿನಿಂದ ಬಗ್ಗಿ, "ಅಲ್ಲ ಮಾರಾಯ್ರೆ, ಆ ನಾಲ್ಕು ಜನ ಕೊನೆಗೆ ಏನಾದ್ರು?" ಎಂದರು. ನನ್ನ ಸುಳ್ಳಿನ ಸ್ಟಾಕು ಖಲಾಸ್ ಆಗಿತ್ತು. ಮಗಳ ಮುಖ ನೋಡಿದೆ. ಪುಸ್ತಕ ಅವಳದ್ದು, ನನಗಿಂತ ಮೊದಲೇ ಓದಿ ಮುಗಿಸಿದವಳು. ಆರು ವಾರ ಅವಳೂ ತುಟಿ ಬಿಚ್ಚಿರಲಿಲ್ಲ ಎಂಬುದು ನನಗೆ ಹೊಳೆದದ್ದೇ ಆಗ.

"ದೇ ವೆಂಟ್ ಹೋಮ್, ಅಂಕಲ್," ಎಂದಳು.

ಶೀನಣ್ಣನಿಗೆ ಅಷ್ಟು ಸಾಲಲಿಲ್ಲ. "ಊಟ ಮಾಡಿ ಹೋದ್ರಾ?"

ಎಷ್ಟು ಗೋಗರೆದರೂ ಇಂಗ್ಲಿಷ್ ಬಿಡದ ಹುಡುಗಿ ಅವತ್ತು ಅಚ್ಚಕನ್ನಡದಲ್ಲಿ ಹೇಳಿದಳು: "ಹೂಂ, ಹೊಟ್ಟೆ ತುಂಬ ಊಟ ಮಾಡ್ಕೊಂಡೇ ಹೋದ್ರು."