ತೊಳೆಯದ ಫ್ಲಾಸ್ಕಿನ ಉಂಗುರ

ಕೊಟ್ಟೂರಿನ ಬೈಕ್ ಮೆಕ್ಯಾನಿಕ್ ದಾದಾಪೀರನ ಮಗಳು ಮೆಹರೀನ ಏನು ಸಂಶೋಧನೆ ಮಾಡುತ್ತಾಳೆಂದು ಓಣಿಯಲ್ಲಿ ಯಾರ ತಲೆಗೂ ಹತ್ತಿರಲಿಲ್ಲ. ಬೋರಾನ್ ಪರಮಾಣುಗಳ ಪುಟ್ಟ ಪಂಜರಗಳನ್ನು ಒಂದಕ್ಕೊಂದು ಕೂಡಿಸಿ ಉಂಗುರ ಮಾಡುವುದು ಅವಳ ಕೆಲಸ. ಉಂಗುರ ಕೂಡಿದರೆ ಅದರ ಹೊಟ್ಟೆಯಲ್ಲಿ ಬೇರೆ ಕಣವನ್ನು ಹಿಡಿದಿಡಬಹುದು; ಕೂಡದಿದ್ದರೆ ಅಂಟಂಟು ಕಸ, ಅಷ್ಟೆ. ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಅವಳಿಗೆ ಒಂದೇ ಒಂದು ಸಲ ಉಂಗುರ ಕೂಡಿತು. ಮಾರ್ಗದರ್ಶಕ ಗುರುಸಂಗಪ್ಪನವರು ಹಿರಿಹಿರಿ ಹಿಗ್ಗಿದರು.

ಆ ದಿನ ಊರಿನ ಬಸ್ಸು ತಪ್ಪೀತೆಂಬ ಅವಸರ ಅವಳಿಗೆ. ಹಿಂದಿನ ಕೆಲಸದ ಉಪ್ಪುನೀರು ಹತ್ತಿದ್ದ ಗಾಜಿನ ಫ್ಲಾಸ್ಕನ್ನು ತೊಳೆಯದೆ, ಹಾಗೇ ಒಣಗಿಸಿ ಅದರಲ್ಲೇ ಪ್ರಯೋಗ ಶುರುಮಾಡಿದ್ದಳು. ಇಷ್ಟೆಲ್ಲ ಓದಿದವಳಿಗೆ ಇದೊಂದು ದೊಡ್ಡ ಗುಟ್ಟು ನೋಡಿ! "ಭಾಂಡೆ ತೊಳಿಯಾಕ ಬರಲ್ಲ, ಇನ್ನೇನು ಓದ್ತಿ?" ಎಂದು ತಾಯಿ ಲಾಲ್ ಬೀ ಚಿಕ್ಕಂದಿನಿಂದ ಚುಚ್ಚಿದ್ದು ಸಾಲದೇ? ಗಂಡಸರೇ ತುಂಬಿದ ಪ್ರಯೋಗಾಲಯದಲ್ಲೂ ಅದನ್ನೇ ಅನ್ನಿಸಿಕೊಳ್ಳಬೇಕೇ? ನಾಚಿಕೆಯಿಂದ ಬಾಯಿಗೆ ಬೀಗ ಹಾಕಿಕೊಂಡಳು.

ಅದೇ ಪ್ರಯೋಗವನ್ನು ಮತ್ತೆ ಮಾಡಿ ತೋರಿಸುವುದು ಅವಳ ಜೊತೆಗೇ ಸಂಶೋಧನೆ ಮಾಡುತ್ತಿದ್ದ ಹೊಸಹಳ್ಳಿಯ ಮೌನೇಶನ ಪಾಲಿಗೆ ಬಂತು. ಪಾಪ, ವರ್ಷವಿಡೀ ಮಾಡಿದ. ಪ್ರತಿ ಸಲವೂ ಕಸ. "ನಿನ್ನ ಕೈಯಾಗ ಏನೂ ಆಗಂಗಿಲ್ಲ ಬಿಡಪ್ಪ" ಎಂದು ಗುರುಸಂಗಪ್ಪನವರು ಎಲ್ಲರೆದುರೇ ಅಂದುಬಿಟ್ಟರು. ಅವನು ಸಂಶೋಧನೆ ಬಿಟ್ಟು ಊರು ಸೇರಿ, ಮಾವನ ಗೊಬ್ಬರದಂಗಡಿಯಲ್ಲಿ ಕೂತ.

ಮೊನ್ನೆ, ಮೆಹರೀನಳಿಗೆ ಅಂದು ಆ ಫ್ಲಾಸ್ಕಿನಲ್ಲಿ ಸಿಕ್ಕಿದ್ದ ಹರಳಿನ ಎಕ್ಸ್‌ರೇ ಚಿತ್ರ ಬಂತು. ಉಂಗುರದ ನಟ್ಟನಡುವೆ ಒಂದು ಕ್ಲೋರೈಡ್ ಕಣ, ಉಪ್ಪಿನದು. ಅದನ್ನು ಸುತ್ತುವರಿದೇ ಪಂಜರಗಳು ಉಂಗುರವಾಗಿ ಕೂಡಿದ್ದವು. ಅದಿಲ್ಲದ ಶುದ್ಧ ಫ್ಲಾಸ್ಕಿನಲ್ಲಿ ಮೌನೇಶನಿಗೆ ಹೇಗೆ ಕೂಡೀತು? ನೆಲ ಬಿರಿದು ನುಂಗಬಾರದೇ ಅನಿಸಿತು ಅವಳಿಗೆ. ಗುರುಸಂಗಪ್ಪನವರಿಗೆ ಎಲ್ಲ ಹೇಳಿಬಿಟ್ಟಳು. ಅವರು ಬೈಯಲೇ ಇಲ್ಲ. "ಶಹಬ್ಬಾಸ್! ಹೊಸ ದಾರೀನೇ ಸಿಕ್ಕೈತಲ್ಲವ್ವಾ!" ಎಂದರು. ಆ ಹೊಗಳಿಕೆ ಕೆನ್ನೆಗೆ ಬಾರಿಸಿದಂತಾಯಿತು. ಮರುದಿನವೇ ಹೊಸಹಳ್ಳಿಗೆ ಹೋದಳು.

"ತಪ್ಪು ನಂದು, ಮೌನೇಶ. ಫ್ಲಾಸ್ಕು ತೊಳೆದಿರಲಿಲ್ಲ ನಾನು. ಅದಕ್ಕ ಹತ್ತಿದ್ದ ಉಪ್ಪಿಂದಾನೇ ಉಂಗುರ ಆಗೈತಿ. ಸರ್‌ಗೆ ಹೇಳೀನಿ, ವಾಪಸ್ ಬಾ."

ಮೌನೇಶ ಗೊಬ್ಬರದ ಚೀಲದ ಮೇಲೆ ಕೂತ. ಸಿಟ್ಟೂ ಮಾಡಲಿಲ್ಲ.

"ಪ್ರತಿ ಸಲ ಕೆಟ್ಟಾಗ ನಿನ್ನ ಹತ್ರಾನೇ ಬಂದು ಕೇಳ್ತಿದ್ದೆ, ಎಲ್ಲಿ ತಪ್ಪಾಗೈತಿ ಅಂತ. ನೀ ಏನಂತಿದ್ದಿ, ನೆನಪೈತೇನು?"

ನೆನಪಿತ್ತು. "ಫ್ಲಾಸ್ಕು ಇನ್ನೊಮ್ಮೆ ಚೆಂದಾಗಿ ತೊಳಿ" ಅನ್ನುತ್ತಿದ್ದಳು.