ಕಾಂಗ್ ಮನೆಯ ಬಾವಿ

ಹತ್ತಿ ಗಿರಣಿ ಮುಚ್ಚಿ ಕೆಲಸ ಹೋದಾಗ ಚೀನಾದ ಪಿಂಗ್ಯಾವ್ ಊರಿನ ಎಷ್ಟೋ ಹೆಂಗಸರು ತಳ್ಳುಗಾಡಿಯಲ್ಲಿ ಬೇಯಿಸಿದ ದನದ ಮಾಂಸ ಮಾರಲು ನಿಂತರು. ರೆನ್ ಚುಯಿಪಿಂಗ್ ಮಾತ್ರ ಕೊರಳಿಗೆ ಮೈಕು ಸಿಕ್ಕಿಸಿಕೊಂಡು ಗೈಡ್ ಆದಳು. ಅವಳು ಹುಟ್ಟಾ ಮಾತುಗಾರ್ತಿ. ಇತಿಹಾಸದ ಹುಚ್ಚು ಹಿಡಿದವರು ದೂರದೂರದಿಂದ ರೈಲಿನಲ್ಲಿ ಬಂದಿಳಿಯುತ್ತಿದ್ದರು. ಅವರಿಗೆ ಕೋಟೆ ಗೋಡೆ, ಹಳೆಯ ಲೇವಾದೇವಿ ಅಂಗಡಿಗಳನ್ನೆಲ್ಲ ತೋರಿಸಿ, ಕೊನೆಗೆ ಹಿಂದಿನ ಕಾಲದ ಸಾಹುಕಾರರಾದ ಕಾಂಗ್ ಮನೆತನದವರ ಮನೆಯ ಅಂಗಳಕ್ಕೆ ಕರೆತರುತ್ತಿದ್ದಳು.

ಆ ಮನೆಯ ಪಡುವಣ ಕೋಣೆಗಳಲ್ಲಿ ಕಾಂಗ್ ಅಜ್ಜಿ ಒಬ್ಬಳೇ ಇದ್ದಳು. ಮದುವೆಯಾದ ಮೇಲೂ ತವರಿನಲ್ಲೇ ಉಳಿದವಳು. ಜನ ಬಂದರೆ ಅವಳಿಗೆ ಖುಷಿ. ಫ್ಲಾಸ್ಕಿನಲ್ಲಿ ಕುಡಿಯಲು ಬಿಸಿನೀರು ತಂದು, ಯಾರೂ ಕೇಳದಿದ್ದರೂ ಬಗ್ಗಿಸಿಕೊಡುತ್ತಿದ್ದಳು.

ಒಂದು ಬೇಸಿಗೆಯ ಮಧ್ಯಾಹ್ನ ಬಂದ ಗುಂಪಿಗೆ ಬಿಸಿಲು ತಲೆಗೇರಿತ್ತು. ಒಬ್ಬ ಆಕಳಿಸಿದ, ಇನ್ನೊಬ್ಬಳು ಚಪ್ಪಲಿ ಕಳಚಿ ಕಾಲು ಒತ್ತಿಕೊಳ್ಳತೊಡಗಿದಳು. ಚುಯಿಪಿಂಗ್‌ಗೆ ರೇಗಿತು. ಕಣ್ಣಿಗೆ ಬಿದ್ದ ಬಾವಿಯತ್ತ ಬೆರಳು ಮಾಡಿ, ದನಿ ತಗ್ಗಿಸಿ, "ಈ ಮನೆ ಸಾಹುಕಾರನ ಮೂರನೇ ಹೆಂಡತಿ ಗುಮಾಸ್ತನ ಜೊತೆ ಸಿಕ್ಕಿಬಿದ್ದಳಂತೆ. ಅವಳನ್ನ ಇದೇ ಬಾವಿಗೆ ನೂಕಿದ್ರು" ಎಂದಳು. ಅದು ಆ ಗಳಿಗೆಯಲ್ಲಿ ಬಾಯಿಗೆ ಬಂದ ಮಾತು. ಆಕಳಿಸುತ್ತಿದ್ದವನು ಬಾವಿಯೊಳಗೆ ಬಗ್ಗಿ ನೋಡಿದ. ಅಂದಿನಿಂದ ಚುಯಿಪಿಂಗ್ ಆ ಕಥೆ ಬಿಡಲಿಲ್ಲ. ಹೇಳುತ್ತ ಹೇಳುತ್ತ ಅದಕ್ಕೆ ಬಾವಿಕಟ್ಟೆಯ ಮೇಲೆ ಉಳಿದ ಅವಳ ಕೆಂಪು ಜೋಡು, ಮಳೆಗಾಲದಲ್ಲಿ ಕೇಳುವ ಅಳುವೊಂದು ಸೇರಿಕೊಂಡವು.

ಅಜ್ಜಿಗೆ ಕಿವಿ ಮಂದ. ಹಾಗಾಗಿ ಅವಳಿಗೆ ಇದು ತಿಳಿಯಲು ತಡವಾಯಿತು. ಒಂದು ದಿನ ನೀರು ಬಗ್ಗಿಸುತ್ತ ಹತ್ತಿರವೇ ನಿಂತಿದ್ದವಳು ಕೈ ನಿಲ್ಲಿಸಿದಳು.

"ಚುಯಿಪಿಂಗ್, ಯಾರ ವಿಷಯ ಕಣೇ ನೀನು ಹೇಳ್ತಿರೋದು?"

"ಯಾರದೂ ಅಲ್ಲ ಅಜ್ಜಿ, ಸುಮ್ನೆ ಒಂದು ಕಥೆ."

"ಈ ಮನೇಲಿ ಮೂರನೇ ಹೆಂಡತಿ ಅಂತ ಇದ್ದೋಳು ನಮ್ಮಜ್ಜಿ ಒಬ್ಬಳೇ. ನನ್ನ ಸಾಕಿದೋಳು ಅವಳು. ಗಂಡ ವ್ಯಾಪಾರಕ್ಕೆ ಹೋಗಿ ಮಂಗೋಲಿಯಾದ ದಾರೀಲಿ ಸತ್ತ ಮೇಲೆ ಇಷ್ಟು ದೊಡ್ಡ ಸಂಸಾರ ಎಳೆದಳು. ಹಾಸಿಗೆ ಮೇಲೆ, ನನ್ನ ಕೈ ಹಿಡ್ಕೊಂಡೇ ಪ್ರಾಣ ಬಿಟ್ಟಳು."

ಜನ ನೋಡುತ್ತಿದ್ದರು. ಚುಯಿಪಿಂಗ್ ಆಗಲೇ ತಪ್ಪಾಯಿತು ಎಂದಿದ್ದರೆ ಮುಗಿದುಹೋಗುತ್ತಿತ್ತು. ಅವಳು ನಕ್ಕುಬಿಟ್ಟಳು. "ಬಿಡಿ ಅಜ್ಜಿ, ಸತ್ತೋರಿಗೇನು ನೋವಾಗುತ್ತಾ? ನೋಡಿ, ನಿಮ್ಮ ಮನೆಗೆ ಎಷ್ಟು ಜನ ಬರ್ತಿದ್ದಾರೆ!"

ಅಜ್ಜಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮತ್ತೆ ಯಾರಿಗೂ ನೀರು ಕೊಡಲಿಲ್ಲ. ಮರುವರ್ಷ ಕೋಟೆಯ ಹೊರಗಿನ ಹೊಸ ಬಡಾವಣೆಗೆ, ಮಗಳ ಮನೆಗೆ ಹೊರಟುಹೋದಳು.

ಆ ಮುಚ್ಚಿದ ಬಾಗಿಲನ್ನು ದಿನವೂ ನೋಡುತ್ತ ಚುಯಿಪಿಂಗ್‌ಗೆ ಆ ಕಥೆಯೇ ಬೇಡವೆನಿಸತೊಡಗಿತು. ಅವಳು ಹೇಳುವುದನ್ನು ಬಿಟ್ಟಳು. ಆದರೆ ಅಷ್ಟರಲ್ಲಿ ಉಳಿದ ಗೈಡುಗಳೆಲ್ಲ ಅದನ್ನು ಕಲಿತಿದ್ದರು. ಬಾಗಿಲೆದುರಿನ ಅಂಗಡಿಯಲ್ಲಿ ಪುಟ್ಟ ಕೆಂಪು ಜೋಡುಗಳು ಮಾರಾಟಕ್ಕೆ ಬಂದವು. "ಹೇಳಬೇಡ ಕಣೋ, ಅದು ನಾನೇ ಕಟ್ಟಿದ್ದು" ಎಂದರೆ ಗೈಡ್ ಪಾಂಗ್ ನಕ್ಕ. "ಅಕ್ಕಾ, ಕಥೆ ಓಡ್ತಿದೆ ಅಂತ ಈಗ ಹಕ್ಕು ಕೇಳ್ತೀಯಾ?"

ಕೊನೆಗೊಂದು ಬೆಳಿಗ್ಗೆ ಅವಳು ಉಡುಗೊರೆಗೆಂದು ಆ ಸೀಮೆಯ ಹೆಸರಾಂತ ಹಳೇ ವಿನಿಗರಿನ ಜಾಡಿ ಹಿಡಿದು ಅಜ್ಜಿಯ ಮಗಳ ಮನೆಗೆ ಹೋದಳು. ಅಜ್ಜಿ ಬೈಯಲಿಲ್ಲ. ಓಟ್ಸ್ ಹಿಟ್ಟಿನ ಸುರುಳಿಗಳನ್ನು ಹಬೆಯಲ್ಲಿ ಬೇಯಿಸಿ, ಬಟ್ಟಲು ಮುಂದಿಟ್ಟಳು.

"ತಪ್ಪಾಯ್ತು ಅಜ್ಜಿ."

"ಆಯ್ತು. ತಿನ್ನು, ಆರಿಹೋಗುತ್ತೆ." ಸುರುಳಿಗಳ ಮೇಲೆ ವಿನಿಗರ್ ಬಗ್ಗಿಸುತ್ತ ಅಜ್ಜಿಯೇ ಹೇಳಿದಳು, "ನಮ್ಮಜ್ಜಿ ಹೆಸರು ಹಾವೋ ಜಿನ್‌ಶಿಯೂ. ಮೂರನೇ ಹೆಂಡತಿ, ಮೂರನೇ ಹೆಂಡತಿ ಅಂತಾರೆ ಎಲ್ಲಾರೂ. ಹೆಸರಾದ್ರೂ ಹೇಳು."

ಚುಯಿಪಿಂಗ್ ಹೇಳಿದಳು. ಪ್ರತಿ ಗುಂಪಿಗೂ ಬಾವಿಯ ಮುಂದೆ ನಿಂತು ಹಾವೋ ಜಿನ್‌ಶಿಯೂ ಮನೆ ನಡೆಸಿದ್ದನ್ನು, ಮುಪ್ಪಿನಲ್ಲಿ ಹಾಸಿಗೆಯ ಮೇಲೆ ತೀರಿಕೊಂಡದ್ದನ್ನು ಹೇಳಿದಳು. ಕೇಳುವವರು ಬೇಜಾರಾಗಿ ಫೋನು ತೆಗೆದು ನೋಡುತ್ತಿದ್ದರು. "ಬಾವಿಗೆ ಬಿದ್ದೋಳ ಕಥೆ ಯಾವಾಗ ಹೇಳ್ತೀರಿ?" ಎಂದು ಕೇಳುತ್ತಿದ್ದರು. ಅದು ಸುಳ್ಳೆಂದರೆ ಒಬ್ಬರಿಗೊಬ್ಬರು ಕಣ್ಣು ಹೊಡೆದು, "ಮನೆತನದ ಮರ್ಯಾದೆ ನೋಡಿ, ಮುಚ್ಚಿಡ್ತಾರೆ" ಅನ್ನುತ್ತಿದ್ದರು.

ಅಜ್ಜಿ ಒಂದು ಚಳಿಗಾಲದಲ್ಲಿ ತೀರಿಕೊಂಡಳು. ಚುಯಿಪಿಂಗ್ ಸಾವಿನ ಮನೆಗೆ ಹೋಗಿ ಬಿಳಿಯ ಕಾಗದದ ಹೂಮಾಲೆ ಇಟ್ಟು ಮೂರು ಸಲ ಬಾಗಿದಳು. ತಾಯ್‌ಯುವಾನ್‌ ನಗರದಿಂದ ಬಂದಿದ್ದ ಅಜ್ಜಿಯ ಮೊಮ್ಮಗಳು ಅವಳಿಗೆ ಚಹಾ ಕೊಡುತ್ತ ಪಕ್ಕದಲ್ಲಿ ಕೂತಳು.

"ಅತ್ತೆ, ನೀವು ಹಳೇ ಮನೆ ತೋರಿಸೋರಲ್ವಾ? ನಮ್ಮ ಅಜ್ಜಿಯ ಅಜ್ಜಿಯನ್ನೋ ಯಾರನ್ನೋ ಅಲ್ಲಿ ಬಾವಿಗೆ ನೂಕಿದ್ರಂತೆ. ನಿಜಾನಾ? ಮನೇಲಿ ಕೇಳಿದ್ರೆ ಯಾರೂ ಬಾಯಿ ಬಿಡಲ್ಲ."

"ಇಲ್ಲಮ್ಮ. ಅದು ನಾನು ಹುಟ್ಟಿಸಿದ ಸುಳ್ಳು" ಎಂದಳು ಚುಯಿಪಿಂಗ್. ಬಿಸಿಲಿನ ಮಧ್ಯಾಹ್ನದಿಂದ ಹಿಡಿದು ಒಂದನ್ನೂ ಬಿಡದೆ ಹೇಳಿದಳು. ಹುಡುಗಿ ಕೊನೆಯವರೆಗೂ ಕೇಳಿದಳು. ಮೆಲ್ಲನೆ ಚುಯಿಪಿಂಗ್‌ಳ ಕೈ ತಟ್ಟಿ, "ಇರಲಿ ಅತ್ತೆ. ಅಜ್ಜಿ ಮೇಲಿನ ಪ್ರೀತಿಗೆ ಹೀಗೆ ಹೇಳ್ತಿದ್ದೀರಿ, ನಂಗೆ ಅರ್ಥ ಆಗುತ್ತೆ" ಎಂದು ಎದ್ದು, ಬೇರೆಯವರಿಗೆ ಚಹಾ ಕೊಡಲು ಹೋದಳು.