ಮಹಾಲಯಕ್ಕೆ ತಂದ ನೀಲಿ ಅಂಗಿ

ನಮ್ಮ ಪಕ್ಕದ ಮನೆಯ ವೆಂಕಟರತ್ನಮ್ಮನಿಗೆ ಸುಳ್ಳು ಹೇಳಲು ಬರುವುದಿಲ್ಲ. ಜಂಗಮಕೋಟೆ ಕಡೆಯ ನಮ್ಮ ಊರಿನಲ್ಲಿ ರೇಷ್ಮೆಗೂಡು ಮಾರುವವರೆಲ್ಲ ಒಂದಷ್ಟು ಬಡಾಯಿ ಕೊಚ್ಚುತ್ತಾರೆ. ಈಕೆ ಮಾತ್ರ "ಈ ಸಲ ಗೂಡು ಅಷ್ಟಕ್ಕಷ್ಟೇ ಕಣಪ್ಪ" ಎಂದು ತಾನೇ ಹೇಳಿ ಬರುತ್ತಾಳೆ. ಗಂಡ ನರಸಿಂಹಪ್ಪನೂ ಅಂಥವನೇ. ಊರಿನ ಭಜನೆ ಮಂದಿರದಲ್ಲಿ ಸಂಜೆಯ ದೀಪ ಹಚ್ಚುವುದು ಅವನ ಪಾಲಿನ ಕೆಲಸವಾಗಿತ್ತು. ಮೀಸೆ ಮೂಡುವ ಮೊದಲಿನಿಂದ ಹಚ್ಚುತ್ತಿದ್ದ. ಅದು ಬಿಟ್ಟರೆ ಅವನಿಗೆ ಬೇರೆ ಚಟವಿರಲಿಲ್ಲ.

ಅವರ ಒಬ್ಬನೇ ಮಗ ಚೈತನ್ಯ ಗೌರಿಬಿದನೂರಿನ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಾನೆ. ಹೋದ ಯುಗಾದಿಗೆ ಮುನೇಶ್ ಎಂಬ ಹುಡುಗನನ್ನು ಕರೆದುಕೊಂಡು ಬಂದ. ಊಟವಾದ ಮೇಲೆ, ತಾನು ಯಾವ ಹುಡುಗಿಯನ್ನೂ ಮದುವೆಯಾಗುವುದಿಲ್ಲ, ಬಾಳುವುದಿದ್ದರೆ ಇವನ ಜೊತೆಗೇ ಎಂದು ಅಪ್ಪ ಅಮ್ಮನಿಗೆ ಹೇಳಿಬಿಟ್ಟ. ನರಸಿಂಹಪ್ಪ ಎದ್ದು ಹಿಪ್ಪುನೇರಳೆ ತೋಟಕ್ಕೆ ಹೋದ. ವೆಂಕಟರತ್ನಮ್ಮ ಅತ್ತಳು, ಆಮೇಲೆ ಮುನೇಶನಿಗೂ ಒಬ್ಬಟ್ಟು ಕಟ್ಟಿಕೊಟ್ಟಳು. "ನಂಗೇನೂ ಅರ್ಥ ಆಗಲ್ಲ ಆದಿಲಕ್ಷ್ಮಕ್ಕ. ಮಗ ನಗ್ತಾವ್ನೆ, ನಂಗಷ್ಟು ಸಾಕು" ಎಂದಳು ನನ್ನ ಹತ್ತಿರ. ನರಸಿಂಹಪ್ಪನೂ ಒಂದೆರಡು ವಾರಕ್ಕೆ "ಆ ಹುಡುಗ ಚೆನ್ನಾಗವ್ನಾ?" ಎಂದು ಫೋನಿನಲ್ಲಿ ಕೇಳುವಷ್ಟು ಮೆತ್ತಗಾಗಿದ್ದ.

ವಿಷಯ ಮನೆಯೊಳಗೇ ಇದ್ದಿದ್ದರೆ ಹೇಗೋ ನಡೆಯುತ್ತಿತ್ತು. ಆದರೆ ನರಸಿಂಹಪ್ಪನ ಅಣ್ಣ ಆವುಲಪ್ಪ, ಭಜನೆ ಮಂದಿರದ ಯಜಮಾನ, ಚೈತನ್ಯನಿಗೆ ಹೆಣ್ಣು ನೋಡಿದ್ದೇನೆ ಎಂದು ಮಂದಿರದಲ್ಲೇ ಮಾತು ತೆಗೆದ. ದೇವರ ಪಟದ ಮುಂದೆ ಕೂತು ಸುಳ್ಳಾಡಲು ಪುಣ್ಯಾತ್ಮ ನರಸಿಂಹಪ್ಪನಿಂದ ಆಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಅವತ್ತೇ ದೀಪ ಅವನ ಕೈಬಿಟ್ಟು ಹೋಯಿತು.

"ಏಂ ರಾ ನರಸಿಂಹ, ಅಂಥೋನ್ನ ಮಗ ಅಂತ ಇಟ್ಕೊಂಡು ದೇವ್ರ ದೀಪ ಮುಟ್ತೀಯಾ?" ಎಂದ ಆವುಲಪ್ಪ. "ಮಹಾಲಯ ಅಮಾವಾಸ್ಯೆಗೆ ಹಿರಿಯರ ಜೊತೆ ಅವನಿಗೂ ಎಡೆ ಇಡು. ನಮ್ಮ ಪಾಲಿಗೆ ಸತ್ತ ಅಂತ ಎಲ್ರಿಗೂ ಗೊತ್ತಾಗ್ಲಿ. ಇಲ್ದಿದ್ರೆ ಮಂದಿರದ ಮೆಟ್ಲು ಹತ್ಬೇಡ. ನಿಮ್ಮನೆ ಸಾವಿಗೂ ನಾವ್ಯಾರೂ ಬರಲ್ಲ."

ಅವನ ನಾಲಿಗೆಗೆ ಬರೆ ಹಾಕಬೇಕು ಎನಿಸಿತು ನನಗೆ. ಬದುಕಿರುವ ಮಗನಿಗೆ ಯಾರಾದರೂ ಎಡೆ ಇಡುತ್ತಾರೆಯೇ! ನರಸಿಂಹಪ್ಪ ತಿಂಗಳುಗಟ್ಟಲೆ ಒಪ್ಪಲಿಲ್ಲ. ಸಂಜೆಯಾದರೆ ಕೈಕಾಲು ತೊಳೆದು, ಹೋಗುವ ಕಡೆಯಿಲ್ಲದೆ ಜಗಲಿಯ ಮೇಲೆ ಕೂರುತ್ತಿದ್ದ. ಮಗನ ಫೋನಿಗೂ ಮಾತಾಡುವುದು ಬಿಟ್ಟ. ಕೊನೆಗೆ ಸೋತು, ಹೂಂ ಎಂದ.

ಅಮಾವಾಸ್ಯೆಯ ದಿನ ನರಸಿಂಹಪ್ಪನ ತೀರಿಕೊಂಡ ಅಪ್ಪ ಅಮ್ಮನ ಎಲೆಗಳ ಪಕ್ಕದಲ್ಲಿ ಚೈತನ್ಯನ ಹೆಸರಿಗೆ ಇನ್ನೊಂದು ಎಲೆ ಹಾಕಿದರು. ಹಿರಿಯರಿಗೆ ಹೊಸ ಬಟ್ಟೆ ಇಡಬೇಕಲ್ಲ, ಚಿಂತಾಮಣಿಗೆ ಹೋಗಿ ನರಸಿಂಹಪ್ಪನೇ ಮಗನ ಅಳತೆಯ ಅಂಗಿ ತಂದಿದ್ದ. ಸತ್ತವರಿಗೆ ಪ್ರಿಯವಾದದ್ದನ್ನೇ ಬಡಿಸಬೇಕಲ್ಲ, ವೆಂಕಟರತ್ನಮ್ಮ ಅಲಸಂದೆ ವಡೆ, ಕಜ್ಜಾಯ ಮಾಡಿದ್ದಳು. "ಮನೆಯವ್ರ ಕಾಲಿಗೆ ಬಿದ್ದು ಬೇಡ ಅಂದೆ ಅಕ್ಕ. ಅವ್ರೂ ನನ್ ಜೊತೆ ಅಳ್ತಾ ಕೂತ್ರು. ಇನ್ಯಾರ್ನ ಕೇಳ್ಲಿ?" ಎಂದಳು.

ಪೂಜೆ ಮುಗಿಯಿತು. ಹಿರಿಯರು ಬಂದು ಉಣ್ಣಲಿ ಎಂದು ಬಾಗಿಲು ಮುಚ್ಚಿ, ಎಡೆ ಇಟ್ಟದ್ದನ್ನು ಕಣ್ಣಾರೆ ನೋಡಲು ಬಂದಿದ್ದ ಆವುಲಪ್ಪನೂ ಸೇರಿ ಎಲ್ಲರೂ ಜಗಲಿಯಲ್ಲಿ ಕೂತೆವು. ಆಗ ಚೈತನ್ಯನ ಫೋನು ಬಂತು. ವೆಂಕಟರತ್ನಮ್ಮ ನನ್ನ ಪಕ್ಕದಲ್ಲೇ ಇದ್ದಳು. ಅವನ ಮಾತು ನನಗೂ ಕೇಳುತ್ತಿತ್ತು.

"ಹಬ್ಬಕ್ಕೆ ಏನ್ ಮಾಡ್ದೆ ಅಮ್ಮ?"

"ಅಲಸಂದೆ ವಡೆ. ಕಜ್ಜಾಯ."

"ಎಲ್ಲಾ ನಂಗಿಷ್ಟವಾದ್ದೇ! ವರ್ಷಾ ವರ್ಷ ಹಿರಿಯರ ಬಟ್ಟೆ ಜೊತೆ ನಂಗೂ ತರ್ತಿದ್ರು. ಈ ಸಲ ಅಪ್ಪ ನಂಗೆ ಬಟ್ಟೆ ತಂದಿರಲ್ಲ, ಅಲ್ವಾ?"

ಇಲ್ಲ ಅಂದುಬಿಡೇ ಎಂದು ನನ್ನ ಜೀವ ಹೊಡೆದುಕೊಂಡಿತು.

"ತಂದವ್ರೆ ಕಣಪ್ಪ. ಒಂದು ಅಂಗಿ" ಎಂದಳು.

ಆ ಕಡೆಯ ದನಿ ಅಳುತ್ತಿತ್ತು, ನಗುತ್ತಲೂ ಇತ್ತು. "ಅಪ್ಪಾನೇ ತಂದ್ರಾ? ಕೋಪ ಹೋಯ್ತಾ ಹಂಗಾದ್ರೆ? ಅಮ್ಮಾ, ಈಗ್ಲೇ ಹೊರಡ್ತೀನಿ. ಒಂದ್ಸಲ ಅಪ್ಪಂಗೆ ಕೊಡು."

ಅವಳು ಫೋನನ್ನು ಆಚೆ ಬದಿಗೆ ಕೂತಿದ್ದ ಗಂಡನಿಗೆ ಕೊಟ್ಟಳು. "ನೀವೇ ಹೇಳಿ, ನನ್ ಕೈಲಾಗಲ್ಲ."

"ಅಪ್ಪಾ, ಯಾವ ಬಣ್ಣ?"

ನರಸಿಂಹಪ್ಪ ಮುಚ್ಚಿದ ಬಾಗಿಲನ್ನೇ ನೋಡಿದ. ಬರಬೇಡ ಎನ್ನಲು ಬಾಯಿ ಬರಲಿಲ್ಲ, ಬಾ ಎನ್ನಲೂ ಬರಲಿಲ್ಲ.

"ನೀಲಿ ಕಣಪ್ಪ" ಎಂದ.

ಆವುಲಪ್ಪ ಎದ್ದು, ಒಳಗಿರುವ ಹಿರಿಯರಿಗೆ ಸುಳಿವು ಕೊಡುವಂತೆ ಕೆಮ್ಮಿ ಬಾಗಿಲು ತೆಗೆದು, "ಹಿರಿಯರು ಉಂಡಾಯ್ತು, ಏಳಿ ಒಳಕ್ಕೆ" ಎಂದ. ಯಾರೂ ಏಳಲಿಲ್ಲ. "ಅಪ್ಪ ನಂಗೆ ಅಂಗಿ ತಂದವ್ರೆ ಕಣೋ!" ಎಂದು ಹುಡುಗ ಮುನೇಶನಿಗೆ ಕೂಗಿ ಹೇಳುವುದು ಫೋನಿನಲ್ಲಿ ಕೇಳಿಸಿತು.